ಅರ್ಧ ದಾರಿಯಲ್ಲಿರುವ ಕಡತ

(ದಾವಣಗೆರೆಯಲ್ಲಿ ಸಹಕಾರ ಸಂಘಗಳ ಸಿಬ್ಬಂದಿ, ದಲಾಲಿ ವರ್ತಕರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ ನಕ್ಷೆಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯವನ್ನು ‘ವ್ಯವಹಾರ ಪ್ರಕ್ರಿಯಾ ನಿರ್ವಹಣಾ ತಂತ್ರಾಂಶದ ನೂತನ ಆವೃತ್ತಿಯ ವೈಶಿಷ್ಟ್ಯಗಳು’ ಎಂದು ಮುದ್ರಿಸಿದ್ದಾರೆ. ಅದನ್ನು ಓದಿಯೂ ಇಷ್ಟು ಜನ ಬಂದಿದ್ದೀರಿ. ಪ್ರತಿಯಾಗಿ ನಾನು ಮಾಡಬಹುದಾದ ಉಪಕಾರವೆಂದರೆ, ಆ ವೈಶಿಷ್ಟ್ಯಗಳ ಪಟ್ಟಿಯನ್ನು ಓದದೇ ಇರುವುದು. ಪಟ್ಟಿ ಆ ತಂತ್ರಾಂಶವನ್ನು, ಅಂದರೆ ಕಮುಂಡಾವನ್ನು, ಮಾಡುವ ಕಂಪನಿಯ ಜಾಲತಾಣದಲ್ಲೇ ಸಿಗುತ್ತದೆ. ಅಲ್ಲಿ ಎಲ್ಲವೂ ಹೊಸದು, ಎಲ್ಲವೂ ವೇಗ, ಎಲ್ಲವೂ ಸುಲಭ.

ಕಡತವನ್ನು ಮೇಜಿನಿಂದ ಮೇಜಿಗೆ ಸಾಗಿಸುವ ಇಂಥ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಈಗಾಗಲೇ ಅರ್ಧ ದಾರಿಯಲ್ಲಿರುವ ಕಡತದ ಗತಿ ಏನು? ಹೊಸ ಅರ್ಜಿಗೆ ಹೊಸ ನಿಯಮ ಹಾಕುವುದು ಯಾರಿಗಾದರೂ ಬರುತ್ತದೆ. ನಿನ್ನೆ ಬಂದು, ಒಂದು ಮೇಜು ದಾಟಿ, ಎರಡನೆಯ ಮೇಜಿನ ಮೇಲೆ ಕೂತಿರುವ ಅರ್ಜಿಯನ್ನು ಏನು ಮಾಡುತ್ತೀರಿ ಎಂಬಲ್ಲಿ ತಂತ್ರಾಂಶದ ಯೋಗ್ಯತೆ ಗೊತ್ತಾಗುತ್ತದೆ. ನಮ್ಮ ಕಚೇರಿಗಳ ಯೋಗ್ಯತೆಯೂ ಅಲ್ಲೇ ಗೊತ್ತಾಗುತ್ತದೆ ಎಂದು ಸೇರಿಸಿದರೆ ಮುಂದಿನ ಸಾಲಿನಲ್ಲಿ ಕೂತಿರುವವರು ಬೇಸರಿಸಬಾರದು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ರೈತರೊಬ್ಬರು ಬೆಳೆ ಸಾಲಕ್ಕೆ ಅರ್ಜಿ ಕೊಡುತ್ತಾರೆ. ಪಹಣಿ, ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ ನೋಡುತ್ತಾರೆ. ಪಹಣಿಯ ಹನ್ನೊಂದನೆಯ ಕಲಂನಲ್ಲಿ ಹಳೆಯ ಋಣವೇನಾದರೂ ಕೂತಿದೆಯೇ ಎಂದು ನೋಡುತ್ತಾರೆ. ಜಾಮೀನುದಾರರ ಸಹಿ ಆಗಬೇಕು. ಬೆಳೆ ಮತ್ತು ಎಕರೆಯ ಲೆಕ್ಕದಲ್ಲಿ ಸಾಲದ ಮಿತಿ ಗೊತ್ತಾಗಬೇಕು. ಕಾರ್ಯದರ್ಶಿ ಪರಿಶೀಲಿಸಿ, ಆಡಳಿತ ಮಂಡಳಿ ಒಪ್ಪಿ, ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿಗೆ ಹೋಗಿ, ಮಂಜೂರಾಗಿ, ಖಾತೆಗೆ ಹಣ ಬೀಳಬೇಕು. ಇದರಲ್ಲಿ ಸಂಘದಿಂದ ಸಂಘಕ್ಕೆ ಸ್ವಲ್ಪ ವ್ಯತ್ಯಾಸವಿರುತ್ತದೆ, ತಿದ್ದುವುದಿದ್ದರೆ ಕೊನೆಗೆ ತಿದ್ದಿ. ಯಾವುದೋ ಒಂದು ಸಂಘದಲ್ಲಿ ಈ ತಂತ್ರಾಂಶ ಇದೆ ಎಂದು ನಾನು ಹೇಳುತ್ತಿಲ್ಲ. ನಿಮಗೆಲ್ಲ ಗೊತ್ತಿರುವ ದಾರಿ ಎಂದು ಆರಿಸಿಕೊಂಡಿದ್ದೇನೆ.

ಈ ದಾರಿಯನ್ನು ಚಿತ್ರವಾಗಿ ಬರೆಯಲು ಜಗತ್ತು ಒಪ್ಪಿಕೊಂಡ ಒಂದು ಲಿಪಿ ಇದೆ. ಅದರ ಹೆಸರು ಬಿಪಿಎಂಎನ್. ಮೊದಲ ರೂಪ 2004ರಲ್ಲಿ ಬಂತು, ಈಗ ಬಳಕೆಯಲ್ಲಿರುವ 2.0 ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಅದಕ್ಕೆ ಐಎಸ್‌ಒ ಮಾನ್ಯತೆಯೂ ಸಿಕ್ಕಿತು. ಅದರ ಅಕ್ಷರಮಾಲೆ ಸರಳ. ತೆಳು ಗೆರೆಯ ವೃತ್ತವಿದ್ದರೆ ಆರಂಭ, ದಪ್ಪ ಗೆರೆಯದಾದರೆ ಮುಕ್ತಾಯ. ಮೂಲೆ ಉರುಟಾದ ಚೌಕವೆಂದರೆ ಒಂದು ಕೆಲಸ. ವಜ್ರಾಕೃತಿಯಿದ್ದರೆ ಅಲ್ಲಿ ದಾರಿ ಕವಲೊಡೆಯುತ್ತದೆ. ಚೌಕದ ಅಂಚಿಗೆ ಗಡಿಯಾರ ಅಂಟಿಸಿದ್ದರೆ ಆ ಕೆಲಸಕ್ಕೆ ಗಡುವು ಇದೆ ಎಂದು ಅರ್ಥ. ಈ ಲಿಪಿಯ ಸೊಗಸು ಎಲ್ಲಿದೆಯೆಂದರೆ, ಚಿತ್ರವನ್ನು ನೋಡಿ ಪ್ರೋಗ್ರಾಮರ್ ಮತ್ತೆ ಇನ್ನೊಂದು ಪ್ರೋಗ್ರಾಂ ಬರೆಯಬೇಕಾಗಿಲ್ಲ. ಎಂಜಿನ್, ಅಂದರೆ ತಂತ್ರಾಂಶದೊಳಗೆ ಕಡತವನ್ನು ಮುಂದೆ ಸಾಗಿಸುವ ಭಾಗ, ಚಿತ್ರವನ್ನೇ ಓದಿ ನಡೆಸುತ್ತದೆ. ಕಾರ್ಯದರ್ಶಿಗೆ ತೋರಿಸಿದ ನಕ್ಷೆಯೇ ಕಂಪ್ಯೂಟರಿನೊಳಗೆ ಓಡುವ ನಕ್ಷೆ. ಹೀಗಾಗಿ ‘ನಾವು ಹೇಳಿದ್ದು ಒಂದು, ನೀವು ಮಾಡಿದ್ದು ಇನ್ನೊಂದು’ ಎಂಬ ಜಗಳ ಪೂರ್ತಿ ನಿಲ್ಲುವುದಿಲ್ಲವಾದರೂ, ಜಗಳವಾಡಲು ಮಧ್ಯದಲ್ಲಿ ಒಂದು ಚಿತ್ರವಾದರೂ ಇರುತ್ತದೆ.

ಇದೆಲ್ಲ ಹೊರಗಿನಿಂದ ಬಂದ ವಿದ್ಯೆ ಎಂದುಕೊಳ್ಳಬೇಡಿ. ಈ ಲಿಪಿ ಹುಟ್ಟುವ ಮೊದಲೇ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ನಡೆಯುತ್ತಿತ್ತು. ಪಹಣಿಯನ್ನು ಕಂಪ್ಯೂಟರಿನಿಂದ ತೆಗೆದುಕೊಡುವುದನ್ನಷ್ಟೇ ಜನ ನೆನಪಿಟ್ಟುಕೊಂಡಿದ್ದಾರೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ನಡುವಿನದನ್ನು ಎತ್ತಿ ಮುಂದಕ್ಕೆ ಹಾಕುವಂತಿಲ್ಲ ಎಂಬ ಕಟ್ಟು ಅದರಲ್ಲಿತ್ತು. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ನನ್ನ ಮಟ್ಟಿಗೆ ಪ್ರಕ್ರಿಯೆಯ ತಂತ್ರಾಂಶ ಎಂದರೆ ಅದೇ: ಮಾಹಿತಿಯನ್ನು ಇಡುವ ಪೆಟ್ಟಿಗೆಯಲ್ಲ, ಸರದಿಯನ್ನು ಕಾಯುವ ವ್ಯವಸ್ಥೆ.

ಈಗ ಆವೃತ್ತಿಯ ವಿಷಯ. ಇವತ್ತು ನಾನು ಎತ್ತಿಕೊಂಡಿರುವುದು ಕಮುಂಡಾ ಎಂಬ ತಂತ್ರಾಂಶ. ಬರ್ಲಿನ್ನಿನ ಕಂಪನಿ, ಶುರುವಾದದ್ದು 2008ರಲ್ಲಿ. ಮೊದಲು ಆಕ್ಟಿವಿಟಿ ಎಂಬ ಮುಕ್ತ ತಂತ್ರಾಂಶದ ಜೊತೆ ಕೆಲಸ ಮಾಡುತ್ತಿದ್ದವರು 2013ರಲ್ಲಿ ಅದರಿಂದ ಕವಲೊಡೆದು ತಮ್ಮದೇ ಎಂಜಿನ್ ಹೊರತಂದರು. ಏಳನೆಯ ಸರಣಿ ಹಲವು ವರ್ಷ ನಡೆಯಿತು. 2022ರಲ್ಲಿ ಎಂಟನೆಯ ಸರಣಿ ಬಂತು. ಏಳು ಮತ್ತು ಎಂಟರ ನಡುವೆ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಏಳು ನಿಮ್ಮ ಸಾಮಾನ್ಯ ಡೇಟಾಬೇಸಿನ ಕೋಷ್ಟಕಗಳಲ್ಲಿ ಕಡತದ ಸ್ಥಿತಿಯನ್ನು ಬರೆದು, ತಿದ್ದಿ, ಅಳಿಸುತ್ತಿತ್ತು. ಎಂಟರ ಎಂಜಿನ್ ಆದ ಝೀಬಿ ನಡೆದದ್ದನ್ನೆಲ್ಲ ಒಂದರ ಕೆಳಗೊಂದು ದಾಖಲಿಸುತ್ತಾ ಹೋಗುತ್ತದೆ, ಆ ದಾಖಲೆಯ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಇಡುತ್ತದೆ. ಒಂದು ಯಂತ್ರ ಕೆಟ್ಟರೆ ಇನ್ನೊಂದು ಅಲ್ಲಿಂದಲೇ ಮುಂದುವರಿಸುತ್ತದೆ. ಈಗ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಹೊಸ ಆವೃತ್ತಿ ಬರುತ್ತದೆ. ನಾನು ಮಾತಾಡುತ್ತಿರುವುದು 2025ರ ಅಕ್ಟೋಬರಿನ 8.8 ಆವೃತ್ತಿ ಮತ್ತು ಅದಕ್ಕೆ ತಳಪಾಯ ಹಾಕಿದ ಹಿಂದಿನ ಎರಡು ಮೂರು ಆವೃತ್ತಿಗಳ ಬಗ್ಗೆ. ಒಂದೇ ಆವೃತ್ತಿಯನ್ನು ಕತ್ತರಿಸಿ ನೋಡಿದರೆ ಇದು ಅರ್ಥವಾಗುವುದಿಲ್ಲ.

ನಮ್ಮ ರೈತರ ಕಡತಕ್ಕೆ ಬರೋಣ. 2023ರ ಜುಲೈನಲ್ಲಿ ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸುವುದಾಗಿ ಘೋಷಿಸಿದರು. ಸಂಘದಲ್ಲಿ ಕೆಲಸ ಮಾಡುವವರಿಗೆ ಮರುದಿನ ಬೆಳಗ್ಗೆ ಬಾಗಿಲಲ್ಲಿ ಯಾವ ಪ್ರಶ್ನೆ ಕಾದಿರುತ್ತದೆ ಎಂದು ಗೊತ್ತು. ‘ನಾನು ಹೋದ ತಿಂಗಳೇ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಮಂಜೂರಾಗಿಲ್ಲ, ನನಗೆ ಮೂರೋ ಐದೋ?’ ಆದೇಶ ಬರಲಿ, ಸುತ್ತೋಲೆ ಬರಲಿ ಎಂದು ಕಾರ್ಯದರ್ಶಿ ಹೇಳಿ ಕಳಿಸುತ್ತಾರೆ. ಸುತ್ತೋಲೆ ಬಂದ ದಿನ ಕಂಪ್ಯೂಟರಿಗೆ ಅದನ್ನು ಹೇಳುವುದು ಹೇಗೆ?

ಎಂಜಿನ್ ಮೊದಲಿನಿಂದಲೂ ಮಾಡುವ ಕ್ರಮ ಹೀಗಿದೆ. ನೀವು ನಕ್ಷೆಯನ್ನು ತಿದ್ದಿ ಮತ್ತೆ ಏರಿಸಿದರೆ ಅದು ಎರಡನೆಯ ಆವೃತ್ತಿಯಾಗುತ್ತದೆ. ಇನ್ನು ಮುಂದೆ ಬರುವ ಅರ್ಜಿಗಳು ಎರಡನೆಯ ನಕ್ಷೆಯಲ್ಲಿ ನಡೆಯುತ್ತವೆ. ಮೊದಲ ನಕ್ಷೆಯಲ್ಲಿ ಹೊರಟವು ಮೊದಲ ನಕ್ಷೆಯಲ್ಲೇ ಕೊನೆ ಮುಟ್ಟುತ್ತವೆ. ಎಪಿಎಂಸಿಯ ಮಟ್ಟಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ. ಬೆಳಗ್ಗೆ ಮೆಕ್ಕೆಜೋಳದ ಲಾಟ್‌ಗೆ ನಂಬರು ಬೀಳುತ್ತದೆ, ಟೆಂಡರ್‌ನಲ್ಲಿ ದರ ಬರುತ್ತದೆ, ರೈತ ಒಪ್ಪಿದರೆ ಹಮಾಲರು ಚೀಲ ತುಂಬಿ ತೂಕ ಮಾಡುತ್ತಾರೆ, ಪಟ್ಟಿ ಕೈಗೆ ಬರುತ್ತದೆ. ಆ ಲಾಟಿನ ಆಯುಸ್ಸು ಬಹುಮಟ್ಟಿಗೆ ಒಂದು ಹಗಲು. ನಿಯಮ ಬದಲಾಯಿತೇ? ನಾಳೆ ಬೆಳಗ್ಗೆಯಿಂದ ಹೊಸ ನಕ್ಷೆ ಎಂದರೆ ಮುಗಿಯಿತು. ದಲಾಲಿ ಅಂಗಡಿಯವರು ಇಲ್ಲಿಂದ ಮುಂದೆ ಸ್ವಲ್ಪ ಹೊತ್ತು ಚಹಾ ಕುಡಿದು ಬಂದರೂ ನಷ್ಟವಿಲ್ಲ. ಸಾಲದ ಕಡತ ಹಾಗಲ್ಲ, ಅದು ವಾರಗಟ್ಟಲೆ ಬದುಕುತ್ತದೆ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟ ಮೇಲೆ ಸರದಿ ಬದಲಾಯಿಸಿದರೆ ಕೊನೆ ಭಾಗದ ಹೊಲದವರಿಗೆ ಏನಾಗುತ್ತದೆ ಎಂಬುದು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಆಗಲೇ ನಾಲೆಯಲ್ಲಿದೆ, ಹಳೆಯ ಲೆಕ್ಕದಲ್ಲಿ ಹೊರಟಿದೆ.

ನಡೆಯುತ್ತಿರುವ ಕಡತವನ್ನು ಹಳೆಯ ನಕ್ಷೆಯಿಂದ ಎತ್ತಿ ಹೊಸ ನಕ್ಷೆಯಲ್ಲಿ ಕೂರಿಸುವ ಸೌಲಭ್ಯ ಏಳನೆಯ ಸರಣಿಯಲ್ಲಿ 2016ರಿಂದ ಇತ್ತು. ಎಂಟನೆಯ ಸರಣಿ ಬಂದಾಗ ಇರಲಿಲ್ಲ. ದೊಡ್ಡ ಬ್ಯಾಂಕು, ವಿಮಾ ಕಂಪನಿಯವರು ಹಳೆಯದನ್ನು ಬಿಟ್ಟು ಬರಲು ಹಿಂಜರಿಯುವುದಕ್ಕೆ ಇಂಥ ಕೊರತೆಗಳೂ ಕಾರಣ. 2024ರ ಆವೃತ್ತಿಗಳಲ್ಲಿ ಅದು ಮರಳಿ ಬಂತು, ಆಮೇಲಿನ ಪ್ರತಿ ಆವೃತ್ತಿಯಲ್ಲೂ ಒಂದಷ್ಟು ಚಿಹ್ನೆಗಳಿಗೆ ವಿಸ್ತರಿಸುತ್ತಾ ಬಂದಿದೆ. ಈಗ ಆಪರೇಟ್ ಎಂಬ ಪರದೆಯಲ್ಲಿ ಎಡಕ್ಕೆ ಹಳೆಯ ನಕ್ಷೆ, ಬಲಕ್ಕೆ ಹೊಸ ನಕ್ಷೆ ಇಟ್ಟುಕೊಂಡು ‘ಇಲ್ಲಿರುವ ಕಡತ ಅಲ್ಲಿಗೆ’ ಎಂದು ಜೋಡಿಸಬಹುದು. ಒಂದೇ ಕಡತವಲ್ಲ, ಆರಿಸಿದ ನೂರಾರು ಕಡತಗಳನ್ನು ಒಟ್ಟಿಗೆ ಸಾಗಿಸಬಹುದು.

ಇಲ್ಲಿ ಸೂಕ್ಷ್ಮಗಳಿವೆ. ವಿದ್ಯಾರ್ಥಿಗಳು ದಯವಿಟ್ಟು ಗಮನಿಸಿ, ಏಕೆಂದರೆ ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ರಾತ್ರಿಗಳು ಇಂಥವುಗಳಲ್ಲೇ ಕಳೆಯುತ್ತವೆ. ಕಡತ ಸದ್ಯಕ್ಕೆ ನಿಂತಿರುವ ಪ್ರತಿಯೊಂದು ಜಾಗಕ್ಕೂ ಹೊಸ ನಕ್ಷೆಯಲ್ಲಿ ಒಂದು ಜಾಗ ತೋರಿಸಲೇಬೇಕು. ಮನುಷ್ಯ ಮಾಡುವ ಕೆಲಸದ ಚೌಕದಲ್ಲಿ ನಿಂತದ್ದು ಮನುಷ್ಯ ಮಾಡುವ ಕೆಲಸಕ್ಕೇ ಹೋಗಬೇಕು, ಯಂತ್ರ ಮಾಡುವ ಕೆಲಸಕ್ಕಲ್ಲ. ಒಂದು ಜೋಡಣೆ ತಪ್ಪಿದರೂ ಎಂಜಿನ್ ಆ ಕಡತವನ್ನು ಮುಟ್ಟುವುದಿಲ್ಲ. ಅರ್ಧ ಸಾಗಿಸಿ ಅರ್ಧ ಬಿಡುವ ಪ್ರಮೇಯ ಇಲ್ಲ. ಇದು ನನಗೆ ಬಹಳ ಹಿಡಿಸಿದ ಗುಣ.

ಇನ್ನೊಂದು ಸಂದರ್ಭ ನೋಡಿ. ಹೊಸ ನಕ್ಷೆಯಲ್ಲಿ ಕಾರ್ಯದರ್ಶಿಯ ಪರಿಶೀಲನೆಗೆ ಮೊದಲು ‘ಫ್ರೂಟ್ಸ್ ಸಂಖ್ಯೆ ತಾಳೆ’ ಎಂಬ ಒಂದು ಚೌಕ ಸೇರಿಸಿದ್ದೀರಿ ಎಂದುಕೊಳ್ಳಿ. ಕಾರ್ಯದರ್ಶಿಯ ಮೇಜಿನಲ್ಲಿದ್ದ ಕಡತವನ್ನು ಹೊಸ ನಕ್ಷೆಯಲ್ಲಿ ಕಾರ್ಯದರ್ಶಿಯ ಮೇಜಿಗೇ ತಂದು ಇಟ್ಟಿರಿ. ಹೊಸ ಚೌಕ ಅದರ ಬೆನ್ನ ಹಿಂದೆ ಉಳಿಯಿತು. ಎಂಜಿನ್ ಹಿಂದಕ್ಕೆ ಹೋಗಿ ಆ ತಾಳೆಯನ್ನು ಮಾಡುವುದಿಲ್ಲ. ಸಾಗಿಸುವುದು ಎಂದರೆ ಜಾಗ ಬದಲಾವಣೆ ಮಾತ್ರ, ಬಿಟ್ಟುಹೋದ ಕೆಲಸದ ಮರುಪೂರಣ ಅಲ್ಲ. ಬೇಕೆಂದರೆ ಮಾರ್ಪಾಡು ಎಂಬ ಬೇರೆ ಸೌಲಭ್ಯದಿಂದ ಕಡತವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಬಹುದು. ತಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಪ್ರೋಗ್ರಾಮರ್‌ಗೆ ಇರಬಾರದು. ಅವನಿಗೆ ಸಂಘದ ಬೈಲಾ ಗೊತ್ತಿಲ್ಲ.

ಗಡಿಯಾರದ ವಿಷಯ ಇನ್ನೂ ಸ್ವಾರಸ್ಯಕರ. ಜಾಮೀನುದಾರರ ಸಹಿಗೆ ಹಳೆಯ ನಕ್ಷೆಯಲ್ಲಿ 15 ದಿನದ ಗಡುವು ಇತ್ತು, ಹೊಸದರಲ್ಲಿ 7 ದಿನ ಮಾಡಿದ್ದೀರಿ. ನಮ್ಮ ಕಡತ ಅಲ್ಲಿ ಕೂತು ಆಗಲೇ 5 ದಿನ ಆಗಿದೆ. ಈಗ ಸಾಗಿಸಿದರೆ ಎಷ್ಟು ದಿನ ಉಳಿಯುತ್ತದೆ? ಹಳೆಯ ಗಡಿಯಾರವನ್ನು ಹೊಸ ಗಡಿಯಾರಕ್ಕೆ ಜೋಡಿಸಿದರೆ ಮೊದಲು ನಿಗದಿಯಾಗಿದ್ದ ದಿನವೇ ಉಳಿಯುತ್ತದೆ, ಅಂದರೆ ಇನ್ನೂ 10 ದಿನ. ಜೋಡಿಸದೆ ಬಿಟ್ಟರೆ ಹಳೆಯ ಗಡಿಯಾರ ತೆಗೆದುಹಾಕಿ ಹೊಸದನ್ನು ಇವತ್ತಿನಿಂದ ಎಣಿಸುತ್ತದೆ, ಅಂದರೆ ಇನ್ನೂ 7 ದಿನ. ಸಭೆಯಲ್ಲಿ ಕೈ ಎತ್ತಲು ಹೇಳಿದಾಗ ನಿಮ್ಮಲ್ಲಿ ಬಹುತೇಕರು ಹೇಳಿದ್ದು 2 ದಿನ ಎಂದು: ಏಳರಲ್ಲಿ ಐದು ಕಳೆಯಿತಲ್ಲ! ಸಾಮಾನ್ಯ ಬುದ್ಧಿಯ ಉತ್ತರ ಅದೇ. ಆದರೆ ಎರಡು ದಾರಿಗಳಲ್ಲಿ ಯಾವುದೂ ಆ ಉತ್ತರವನ್ನು ತಾನಾಗಿ ಕೊಡುವುದಿಲ್ಲ. ಅದು ಬೇಕಾದರೆ ಕಡತ ಆ ಮೇಜಿಗೆ ಬಂದ ದಿನಾಂಕವನ್ನು ಕಡತದಲ್ಲೇ ಬರೆದಿಟ್ಟಿರಬೇಕು, ಹೊಸ ನಕ್ಷೆಯ ಗಡಿಯಾರಕ್ಕೆ ‘7 ದಿನ’ ಎನ್ನುವ ಬದಲು ‘ಆ ದಿನಾಂಕಕ್ಕೆ 7 ದಿನ ಕೂಡಿಸಿದ ದಿನ’ ಎಂದು ಹೇಳಬೇಕು, ಆಮೇಲೆ ಜೋಡಿಸದೆ ಸಾಗಿಸಬೇಕು. ಮೊದಲ ದಿನವೇ ದಿನಾಂಕ ಬರೆದಿಡದವರಿಗೆ ಆರು ತಿಂಗಳ ನಂತರ ಬರುವ ಯಾವ ಆವೃತ್ತಿಯೂ ಸಹಾಯ ಮಾಡುವುದಿಲ್ಲ.

ಗಡಿಯಾರದ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದಕ್ಕೆ ಭಾನುವಾರ ಗೊತ್ತಿಲ್ಲ, ಯುಗಾದಿ ಗೊತ್ತಿಲ್ಲ, ದುಗ್ಗಮ್ಮನ ಜಾತ್ರೆ ಗೊತ್ತಿಲ್ಲ. 7 ದಿನ ಎಂದರೆ ಏಳು ಹಗಲು ಏಳು ರಾತ್ರಿ. ನಮ್ಮ ಸರ್ಕಾರಿ ಗಡುವುಗಳು ಕೆಲಸದ ದಿನಗಳ ಲೆಕ್ಕದಲ್ಲಿ ಇರುವುದು ಹೆಚ್ಚು. ನಮ್ಮ ರಾಜ್ಯದಲ್ಲಿ ವಿಳಂಬಕ್ಕೆ ಬೆಲೆಯೂ ಇದೆ: 2011ರ ಕಾಯ್ದೆಯಡಿ ಬಂದ ‘ಸಕಾಲ’ದಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಹಾಗಿರುವಾಗ ರಜಾದಿನಗಳ ಪಟ್ಟಿಯನ್ನು ಬೇರೆ ಕಡೆ ಇಟ್ಟು, ಗಡುವಿನ ದಿನಾಂಕವನ್ನು ನಾವೇ ಲೆಕ್ಕ ಹಾಕಿ ಗಡಿಯಾರಕ್ಕೆ ಕೊಡಬೇಕು. ಹತ್ತಾರು ವರ್ಷಗಳಿಂದ ಇರುವ ಈ ಕೊರತೆಯ ಬದಲು ಪ್ರತಿ ಆವೃತ್ತಿಯಲ್ಲೂ ಪರದೆಯ ಬಣ್ಣ ತಿದ್ದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಇರಲಿ.

3 ಲಕ್ಷವೋ 5 ಲಕ್ಷವೋ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಸಾಲದ ಮಿತಿಯಂಥ ಅಂಕಿಯನ್ನು ಜಾಣರು ನಕ್ಷೆಯೊಳಗೆ ಬರೆಯುವುದಿಲ್ಲ. ಅದಕ್ಕೆ ಡಿಎಂಎನ್ ಎಂಬ ಪ್ರತ್ಯೇಕ ಪದ್ಧತಿ 2015ರಲ್ಲಿ ಬಂತು. ಅದು ನಿಯಮಗಳ ಕೋಷ್ಟಕ. ಎಡಗಡೆಯ ಅಂಕಣಗಳಲ್ಲಿ ಬೆಳೆ, ಎಕರೆ, ಹಳೆಯ ಬಾಕಿ ಇದೆಯೇ ಇಲ್ಲವೇ ಎಂಬುದು, ಬಲಗಡೆ ಮಿತಿ. ಲೆಕ್ಕ ಬರೆಯುವ ಯಾರಾದರೂ ಓದಬಹುದು, ತಿದ್ದಬಹುದು. ನಕ್ಷೆಯಲ್ಲಿ ‘ಇಲ್ಲಿ ಆ ಕೋಷ್ಟಕ ನೋಡು’ ಎಂಬ ಒಂದು ಚೌಕ ಮಾತ್ರ ಇರುತ್ತದೆ.

ಆದರೆ ಯಾವ ಕೋಷ್ಟಕ ನೋಡಬೇಕು? ಕೋಷ್ಟಕಕ್ಕೂ ಆವೃತ್ತಿಗಳಿವೆಯಲ್ಲ. ನೀವು ಏನೂ ಹೇಳದಿದ್ದರೆ ಎಂಜಿನ್ ಆ ಕ್ಷಣದಲ್ಲಿ ಇರುವ ಅತಿ ಹೊಸ ಕೋಷ್ಟಕವನ್ನು ನೋಡುತ್ತದೆ. ಅಂದರೆ ನಕ್ಷೆ ಹಳೆಯದೇ ಇದ್ದರೂ, ಕಡತವನ್ನು ಸಾಗಿಸದಿದ್ದರೂ, ಮಿತಿ ಮಾತ್ರ ಸದ್ದಿಲ್ಲದೆ ಹೊಸದಾಗಿಬಿಡುತ್ತದೆ. ನಮ್ಮ ರೈತರಿಗೆ ಮೂರರ ಬದಲು ಐದು ಸಿಕ್ಕಿದರೆ ಸಂತೋಷ, ಯಾರೂ ದೂರು ಕೊಡುವುದಿಲ್ಲ. ನಿಯಮ ಬಿಗಿಯಾದ ವರ್ಷ ಏನಾಗುತ್ತದೆ? ಒಂದೇ ದಿನ ಅರ್ಜಿ ಕೊಟ್ಟ ಅಕ್ಕಪಕ್ಕದ ಹೊಲದ ಇಬ್ಬರಲ್ಲಿ, ಬೇಗ ಸಹಿ ಸಿಕ್ಕವರಿಗೆ ಹಳೆಯ ಮಿತಿ, ಜಾಮೀನುದಾರರು ಮದುವೆಗೆ ಹೋಗಿದ್ದರಿಂದ ತಡವಾದವರಿಗೆ ಹೊಸ ಮಿತಿ. ಇಬ್ಬರೂ ಸಂಘಕ್ಕೆ ಬಂದು ನಿಂತಾಗ ‘ಕಂಪ್ಯೂಟರ್ ಹೀಗೆ ಹೇಳುತ್ತದೆ’ ಎನ್ನುವುದು ಉತ್ತರವಾಗುವುದಿಲ್ಲ.

2024ರ ಅಕ್ಟೋಬರಿನ 8.6 ಆವೃತ್ತಿಯಲ್ಲಿ ಇದಕ್ಕೆ ಕಟ್ಟು ಹಾಕುವ ಅವಕಾಶ ಬಂತು. ನಕ್ಷೆಯನ್ನು ಏರಿಸಿದಾಗ ಜೊತೆಯಲ್ಲಿ ಏರಿಸಿದ ಕೋಷ್ಟಕವನ್ನೇ ನೋಡು ಎನ್ನಬಹುದು. ಅಥವಾ ಕೋಷ್ಟಕಕ್ಕೆ ‘2023 ಮುಂಗಾರು’ ಎಂಬಂಥ ಒಂದು ಚೀಟಿ ಅಂಟಿಸಿ, ಆ ಚೀಟಿ ಇರುವುದನ್ನೇ ನೋಡು ಎನ್ನಬಹುದು. ಪ್ರಚಾರದ ಪುಟಗಳಲ್ಲಿ ಇದಕ್ಕೆ ಸಿಕ್ಕ ಜಾಗ ಸಣ್ಣದು. ನನ್ನ ಲೆಕ್ಕದಲ್ಲಿ ಇತ್ತೀಚಿನ ಆವೃತ್ತಿಗಳ ಅತಿ ದೊಡ್ಡ ಸುಧಾರಣೆ ಇದೇ. ಯಾಕೆಂದರೆ ಇದು ಒಂದು ಪ್ರಶ್ನೆಯನ್ನು ಸಂಘದ ಆಡಳಿತ ಮಂಡಳಿಯ ಮುಂದೆ ತಂದಿಡುತ್ತದೆ: ಅರ್ಜಿ ಬಂದ ದಿನದ ನಿಯಮವೋ, ಮಂಜೂರಾಗುವ ದಿನದ ನಿಯಮವೋ? ಕಾಗದದ ಕಾಲದಲ್ಲಿ ಈ ಪ್ರಶ್ನೆಗೆ ಯಾರೂ ಲಿಖಿತ ಉತ್ತರ ಕೊಡುತ್ತಿರಲಿಲ್ಲ, ಕಾರ್ಯದರ್ಶಿಯ ಮರ್ಜಿಯಲ್ಲಿ ನಡೆದುಹೋಗುತ್ತಿತ್ತು. ಈಗ ನಕ್ಷೆ ಬರೆಯುವವನು ಬಂದು ಕೇಳಲೇಬೇಕು, ನೀವು ಠರಾವಿನಲ್ಲಿ ಬರೆದುಕೊಡಲೇಬೇಕು.

8.8ರಲ್ಲಿ ಬಂದ ದೊಡ್ಡ ಬದಲಾವಣೆ ಒಳಗಿನ ಕಟ್ಟಡದ್ದು, ಬೇಗ ಹೇಳಿಬಿಡುತ್ತೇನೆ. ಮೊದಲು ಎಂಜಿನ್ ಒಂದು ಕಡೆ, ಕಡತಗಳನ್ನು ನೋಡುವ ಪರದೆ ಇನ್ನೊಂದು ಕಡೆ, ಸಿಬ್ಬಂದಿಯ ಕೆಲಸದ ಪಟ್ಟಿ ಮತ್ತೊಂದು ಕಡೆ, ಯಾರಿಗೆ ಯಾವ ಅನುಮತಿ ಎಂಬುದು ಮಗದೊಂದು ಕಡೆ ಇತ್ತು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸ್ಥಾಪಿಸಿ ಕಾಯಬೇಕಿತ್ತು. ಎಂಜಿನ್‌ನಲ್ಲಿ ಕೆಲಸ ಮುಗಿದರೂ ನೋಡುವ ಪರದೆಗೆ ಸುದ್ದಿ ಮುಟ್ಟಲು ತಡವಾಗುತ್ತಿತ್ತು, ‘ಒತ್ತಿದ್ದೇನೆ, ಆದರೂ ಬಾಕಿ ಎಂದು ತೋರಿಸುತ್ತಿದೆ’ ಎಂಬ ದೂರು ಬರುತ್ತಿತ್ತು. ಈಗ ಇವೆಲ್ಲವನ್ನೂ ಒಂದೇ ಘಟಕವಾಗಿ ಸೇರಿಸಿದ್ದಾರೆ, ನಡುವಿನ ಒಂದು ಹಂತವನ್ನು ತೆಗೆದಿದ್ದಾರೆ, ಹೊರಗಿನ ಪ್ರೋಗ್ರಾಂಗಳು ಮಾತಾಡಲು ಒಂದೇ ಎಪಿಐ ಕೊಟ್ಟಿದ್ದಾರೆ. ಸರ್ವರ್ ನೋಡಿಕೊಳ್ಳುವವರಿಗೆ ಇದು ಹಬ್ಬ. ಉಳಿದವರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು.

ಸಿಬ್ಬಂದಿಗೆ ಗೊತ್ತಾಗುವ ಬದಲಾವಣೆ ಬೇರೆಯಿದೆ. ಮನುಷ್ಯ ಮಾಡುವ ಕೆಲಸದ ಮೇಲೆ ಈಗ ಕಾವಲು ಕೂರಿಸಬಹುದು. ಕೆಲಸವನ್ನು ಒಬ್ಬರಿಗೆ ವಹಿಸುವ ಕ್ಷಣದಲ್ಲಿ, ಮುಗಿಯಿತು ಎಂದು ಅವರು ಒತ್ತುವ ಕ್ಷಣದಲ್ಲಿ ನಮ್ಮ ಒಂದು ಸಣ್ಣ ಪ್ರೋಗ್ರಾಂ ನಡುವೆ ಬಂದು ಪರೀಕ್ಷಿಸಬಹುದು, ಬೇಡ ಎಂದು ತಡೆಯಲೂಬಹುದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು: ಅರ್ಜಿ ದಾಖಲಿಸಿದವರೇ ಮಂಜೂರಾತಿಯನ್ನೂ ಒತ್ತಬಾರದು. ಇಷ್ಟು ದಿನ ಇದನ್ನು ಪರದೆಯಲ್ಲಿ ಗುಂಡಿಯನ್ನು ಅಡಗಿಸಿ ಸಾಧಿಸುತ್ತಿದ್ದರು. ಗುಂಡಿ ಅಡಗಿಸಿದರೆ ಬೇರೆ ಬಾಗಿಲಿನಿಂದ ಬರುವವರನ್ನು ತಡೆದಂತಾಗುವುದಿಲ್ಲ. ಈಗ ತಡೆ ಎಂಜಿನ್‌ನಲ್ಲೇ ಇರುತ್ತದೆ. ಯಾವ ಪ್ರಕ್ರಿಯೆಯನ್ನು ಯಾರು ನೋಡಬಹುದು, ಯಾರು ಆರಂಭಿಸಬಹುದು ಎಂಬ ಅನುಮತಿಗಳೂ ಈ ಆವೃತ್ತಿಯಲ್ಲಿ ಎಂಜಿನ್‌ನ ಒಳಗೇ ಬಂದಿವೆ.

ಇನ್ನು ನೀವು ಕಾಯುತ್ತಿರುವ ವಿಷಯ. ಕೃತಕ ಬುದ್ಧಿಮತ್ತೆ ಎಂಬ ಪದ ಇನ್ನೂ ಬಂದಿಲ್ಲ ಎಂದು ಹಿಂದಿನ ಸಾಲಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಕಂಪನಿಯ ಪ್ರಚಾರದಲ್ಲಿ ಮೊದಲ ಸಾಲು ಅದೇ. ನಾನು ಕೊನೆಗೆ ಇಟ್ಟುಕೊಂಡಿದ್ದೇನೆ.

ಬಿಪಿಎಂಎನ್‌ನಲ್ಲಿ ಬಹಳ ಹಿಂದಿನಿಂದ ಒಂದು ವಿಚಿತ್ರ ಚಿಹ್ನೆ ಇತ್ತು. ದೊಡ್ಡದೊಂದು ಚೌಕ, ಕೆಳಗೆ ಅಲೆಯಂಥ ಸಣ್ಣ ಗೆರೆ. ಅದರೊಳಗೆ ಕೆಲಸಗಳಿರುತ್ತವೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವ ಬಾಣಗಳು ಇರಬೇಕಾಗಿಲ್ಲ. ಸಂದರ್ಭ ನೋಡಿ ಬೇಕಾದ್ದನ್ನು ಮಾಡಿ ಎಂದು ಅರ್ಥ. ಕಮುಂಡಾದಲ್ಲಿ ಇದು 2025ರ ಏಪ್ರಿಲಿನ 8.7ರಲ್ಲಿ ಬಂತು. ಅದರ ಮೇಲೆ 8.8ರಲ್ಲಿ ಎಐ ಏಜೆಂಟ್ ಅನ್ನು ಕೂರಿಸಿದ್ದಾರೆ. ಆ ಚೌಕದೊಳಗೆ ಏನೇನು ಕೆಲಸಗಳಿವೆ ಎಂಬ ವಿವರಣೆಯನ್ನು ಚಾಟ್‌ಜಿಪಿಟಿ ಥರದ ಭಾಷಾ ಮಾದರಿಗೆ ಕೊಡುತ್ತಾರೆ. ಅದು ‘ಈಗ ಇದನ್ನು ಮಾಡಿ’ ಎನ್ನುತ್ತದೆ. ಎಂಜಿನ್ ಆ ಕೆಲಸವನ್ನು ಮಾಡಿ ಫಲಿತಾಂಶವನ್ನು ಅದಕ್ಕೆ ಹೇಳುತ್ತದೆ. ಅದು ಮತ್ತೊಂದನ್ನು ಆರಿಸುತ್ತದೆ ಅಥವಾ ಸಾಕು ಎನ್ನುತ್ತದೆ. ಎಷ್ಟು ಬಾರಿ ಕೇಳಬಹುದು ಎಂಬುದಕ್ಕೆ ಮಿತಿ ಹಾಕಬಹುದು.

ನಮ್ಮ ಕಡತದಲ್ಲಿ ಇದಕ್ಕೆ ಹೇಳಿಮಾಡಿಸಿದ ಜಾಗ ಒಂದಿದೆ. ಪಹಣಿಯಲ್ಲಿ ಬಸಪ್ಪ ಎಂದಿರುವವರು ಆಧಾರ್‌ನಲ್ಲಿ ಬಸವರಾಜಪ್ಪ ಆಗಿರುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ರೀತಿ. ತಂದೆಯ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದೊಂದು ಕಡತದ ತೊಡಕು ಒಂದೊಂದು ಬಗೆ. ಇದಕ್ಕೆ ಬಾಣ ಎಳೆಯುತ್ತಾ ಹೋದರೆ ನಕ್ಷೆ ಜೇಡರ ಬಲೆಯಾಗುತ್ತದೆ. ಅದರ ಬದಲು ಅಲೆಗೆರೆಯ ಚೌಕದೊಳಗೆ ನಾಲ್ಕೈದು ಕೆಲಸ ಇಡಿ. ಪಹಣಿ ತರಿಸು, ಹಳೆಯ ಸಾಲದ ದಾಖಲೆಯಲ್ಲಿ ಹೆಸರು ನೋಡು, ರೈತರಿಗೆ ಸಂದೇಶ ಕಳಿಸಿ ಕೇಳು, ಗುಮಾಸ್ತರಿಗೆ ತೋರಿಸು. ಏಜೆಂಟ್ ಸಂದರ್ಭಕ್ಕೆ ತಕ್ಕಂತೆ ಆರಿಸಿಕೊಳ್ಳಲಿ. ‘ಗುಮಾಸ್ತರಿಗೆ ತೋರಿಸು’ ಎಂಬ ಚೌಕ ಒಳಗೆ ಇರಲೇಬೇಕು. ‘ಸಾಲ ಮಂಜೂರು ಮಾಡು’ ಎಂಬ ಚೌಕ ಒಳಗೆ ಇರಲೇಬಾರದು. ಏಜೆಂಟ್‌ಗೆ ಕೊಡುವ ಸ್ವಾತಂತ್ರ್ಯ ಎಷ್ಟು ಎಂಬುದನ್ನು ನೀವು ಎಳೆದ ಚೌಕದ ಗೆರೆಯೇ ತೀರ್ಮಾನಿಸುತ್ತದೆ, ಅದು ಯಾವ ಕೆಲಸಗಳನ್ನು ಆರಿಸಿತು ಎಂಬುದು ಕಡತದ ಚರಿತ್ರೆಯಲ್ಲಿ ಉಳಿಯುತ್ತದೆ. ಈ ಒಂದು ಕಾರಣಕ್ಕೆ, ಬೇರೆ ಕಡೆ ಎಐ ಏಜೆಂಟ್‌ಗಳನ್ನು ಕಂಡರೆ ಹುಬ್ಬೇರಿಸುವ ನಾನು ಇಲ್ಲಿ ಸ್ವಲ್ಪ ಮೃದುವಾಗಿದ್ದೇನೆ. ಆದರೂ ಆಧಾರ್, ಪಹಣಿಯ ವಿವರಗಳನ್ನು ಹೊರಗಿನ ಮಾದರಿಗೆ ಕಳಿಸುವ ಮೊದಲು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಬಲ್ಲವರ ಹತ್ತಿರ ಕೂತು ಮಾತಾಡಿ. ‘ಎಲ್ಲರೂ ಕಳಿಸುತ್ತಾರೆ’ ಎಂಬುದು ಕಾನೂನಲ್ಲ.

ಭಾಷಣ ಇಲ್ಲಿಗೆ ಮುಗಿಯಿತು. ಪ್ರಶ್ನೋತ್ತರದಲ್ಲಿ ಬಂದ ಎರಡು ಪ್ರಶ್ನೆಗಳನ್ನು ಸೇರಿಸುತ್ತಿದ್ದೇನೆ.

ವಿದ್ಯಾರ್ಥಿಯೊಬ್ಬರು, ‘ಸರ್, ಇದೆಲ್ಲ ಉಚಿತವೇ? ಏಳನ್ನು ಕಲಿಯಬೇಕೋ ಎಂಟನ್ನೋ?’ ಎಂದು ಕೇಳಿದರು. ಏಳರ ಸಮುದಾಯ ಆವೃತ್ತಿ ನಿಜವಾದ ಮುಕ್ತ ತಂತ್ರಾಂಶ, ಹಣವಿಲ್ಲದೆ ಎಲ್ಲಿ ಬೇಕಾದರೂ ಬಳಸಬಹುದಿತ್ತು. 2025ರ ಅಕ್ಟೋಬರಿನ 7.24 ಅದರ ಕೊನೆಯ ಆವೃತ್ತಿ. ಅದನ್ನು ಮುಂದುವರಿಸಲು ಆಪರೇಟನ್, ಸಿಐಬಿ ಸೆವೆನ್ ಎಂಬ ಕವಲುಗಳು ಹುಟ್ಟಿವೆ. ಎಂಟನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡು ಕಲಿಯಲು, ಪರೀಕ್ಷಿಸಲು ಹಣ ಬೇಡ. 8.6ರಿಂದ ಈಚೆಗೆ, ನಿಮ್ಮದೇ ಸರ್ವರ್‌ನಲ್ಲಿ ನಿಜವಾದ ವ್ಯವಹಾರಕ್ಕೆ ಬಳಸುವುದಾದರೆ ಪರವಾನಗಿ ಕೊಳ್ಳಬೇಕು. ಕಲಿಯುವವರು ಎಂಟನ್ನು ಕಲಿಯಿರಿ, ಕೆಲಸ ಅದರಲ್ಲೇ ಇದೆ. ಸಂಘಗಳಂಥ ಸಣ್ಣ ಸಂಸ್ಥೆಯವರು ಹಣದ ಲೆಕ್ಕ ಹಾಕದೆ ಎಂಟರತ್ತ ಹೋಗಬೇಡಿ. ನಕ್ಷೆಯ ಲಿಪಿ ಎಲ್ಲ ಕಡೆಯೂ ಅದೇ ಆಗಿರುವುದರಿಂದ ಬಿಡಿಸುವುದನ್ನು ಕಲಿತ ಶ್ರಮ ವ್ಯರ್ಥವಾಗುವುದಿಲ್ಲ. ಎಂಜಿನ್‌ಗೆ ಅಂಟಿಕೊಂಡ ಪ್ರೋಗ್ರಾಂ ಭಾಗವನ್ನು ಮಾತ್ರ ಹೊಸದಾಗಿ ಬರೆಯಬೇಕಾಗುತ್ತದೆ. ಏಳರ ನಕ್ಷೆಗಳನ್ನು ಎಂಟಕ್ಕೆ ಪರಿವರ್ತಿಸುವ ಸಾಧನಗಳನ್ನು ಕಂಪನಿಯೇ ಕೊಡುತ್ತಿದೆ.

ಸಂಘವೊಂದರಲ್ಲಿ ಗುಮಾಸ್ತೆಯಾಗಿರುವ ಅಕ್ಕನವರ ಪ್ರಶ್ನೆ: ‘ಇದು ಕನ್ನಡದಲ್ಲಿ ಬರುತ್ತದೆಯೇ?’ ಕೆಲಸದ ಪಟ್ಟಿ ತೋರಿಸುವ ಕಂಪನಿಯ ಸಿದ್ಧ ಪರದೆಯ ಗುಂಡಿಗಳು ಕನ್ನಡದಲ್ಲಿಲ್ಲ. ಆದರೆ ಚೌಕಗಳ ಹೆಸರು, ಅರ್ಜಿ ನಮೂನೆಯ ಪ್ರತಿ ಸಾಲು, ನೆನಪೋಲೆಯ ಸಂದೇಶ, ಕೋಷ್ಟಕದ ಶೀರ್ಷಿಕೆ ಇವೆಲ್ಲ ನಾವು ಬರೆಯುವಂಥವು, ಯೂನಿಕೋಡ್ ಕನ್ನಡದಲ್ಲಿ ಬರೆದರೆ ಹಾಗೆಯೇ ಕಾಣುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಕಡತಗಳಿಂದ ನಕಲು ಮಾಡಿ ಅಂಟಿಸಿದರೆ ಮಾತ್ರ ಕಲಸುಮೇಲೋಗರವಾಗುತ್ತದೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಸಿದ್ಧ ಪರದೆಯನ್ನೇ ಬಿಟ್ಟು, ಎಪಿಐ ಬಳಸಿ ಪೂರ್ತಿ ಕನ್ನಡದ ಪರದೆಯನ್ನು ನಾವೇ ಕಟ್ಟಿಕೊಳ್ಳಬಹುದು. ಹಿಂದಿನ ಸಾಲಿನ ಹುಡುಗರಿಗೆ ಕೊನೆಯ ವರ್ಷದ ಪ್ರಾಜೆಕ್ಟ್ ಬೇಕಿದ್ದರೆ ಅದನ್ನು ಮಾಡಲಿ. ಅಕ್ಕನವರು ತಮ್ಮ ಸಂಘದ ಕಡತ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂದು ಬರೆದುಕೊಡಲು ಒಪ್ಪಿದ್ದಾರೆ.